ಆದವಾನಿ ಕೋಟೆಯಿಂದ ಬಿಕಾನೇರಿಗೆ ಹೋದ ಪುಸ್ತಕಗಳು



ಈ ಸಲದ ಬೇಸಿಗೆ ರಜೆಯಲ್ಲಿ ನನ್ನ ಅಲಮಾರಿಗೆ ನಾಲ್ಕು ಪುಸ್ತಕಗಳು ಹೊಸದಾಗಿ ಸೇರಿದವು. ಮೊದಲನೆಯದು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು'. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆ. ಬಹಳ ವರ್ಷಗಳಿಂದ ಬೇಕು ಬೇಕು ಅನ್ನುತ್ತಿದ್ದ ಪುಸ್ತಕ. ಎರಡನೆಯದು ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ವಿಜಯನಗರ ಚರಿತ್ರೆಯ ಕನ್ನಡ ಅನುವಾದ. ಮೂರನೆಯದು ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ಬರೆದ ಬಳ್ಳಾರಿ ಜಿಲ್ಲೆಯ ಗೆಜೆಟಿಯರು. ಇಂಗ್ಲಿಷಿನದು, ಅದೂ ಜೆರಾಕ್ಸ್ ಪ್ರತಿ. ಬಳ್ಳಾರಿಯಲ್ಲಿ ನನ್ನ ಜೊತೆ ಟಿ.ಸಿ.ಎಚ್. ಓದಿದ ಗೆಳೆಯನೊಬ್ಬ ಮಾಡಿಸಿಕೊಟ್ಟ. ನಾಲ್ಕನೆಯದು ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಹೊಸ ಪುಸ್ತಕ ಮನೆಗೆ ಬಂದ ದಿನ ನನಗೆ ಊಟ ರುಚಿಸುವುದಿಲ್ಲ, ನಿದ್ದೆ ಬರುವುದಿಲ್ಲ. ಮನೆಯವರಿಗೆ ಇದು ಗೊತ್ತಿರುವ ರೋಗವೇ. ಗೆಜೆಟಿಯರಿನಲ್ಲಿ ನಮ್ಮ ಆದವಾನಿಯ (ಈಗಿನ ಆದೋನಿ) ಪುಟಗಳನ್ನು ಓದುತ್ತ, ಅಲ್ಲಿಂದ ಬೇರೆ ಪುಸ್ತಕಗಳನ್ನು ಹುಡುಕುತ್ತ ಹೋದಾಗ, ಇದೇ ರೋಗವಿದ್ದ ಒಬ್ಬ ರಾಜ ಸಿಕ್ಕಿದ. ಅವನು ನಮ್ಮವನಲ್ಲ, ಮರುಭೂಮಿಯವನು. ಆದರೆ ಅವನ ಬಾಳಿನ ಕೊನೆಯ ವರ್ಷಗಳು ನಮ್ಮ ಊರಿಗೆ ಸೇರಿದವು. ಅವನು ಸತ್ತದ್ದೂ ನಮ್ಮ ಆದವಾನಿಯಲ್ಲೇ, 1698ರಲ್ಲಿ. ಅವನ ಹೆಸರು ಬಿಕಾನೇರಿನ ಮಹಾರಾಜ ಅನೂಪ ಸಿಂಹ.

ನಮ್ಮ ಶಾಲೆಯ ಮಕ್ಕಳು ದಿನವೂ ಬೆಟ್ಟದ ಮೇಲಿನ ಆ ಕೋಟೆ ನೋಡುತ್ತಾರೆ. ರಾಯಚೂರು–ಗುಂತಕಲ್ಲು ರೈಲಿನಲ್ಲಿ ಹೋಗುವವರೂ ಕಿಟಕಿಯಿಂದ ನೋಡುತ್ತಾರೆ. ಆದರೆ ಆ ಕೋಟೆಯ ನೆರಳಿನಲ್ಲಿ ಒಬ್ಬ ರಾಜ ಕೂತು ಪುಸ್ತಕಗಳ ಗಂಟು ಕಟ್ಟಿಸುತ್ತಿದ್ದ ಎಂಬ ಸಂಗತಿ ನಮಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಆದ್ದರಿಂದ ಇವತ್ತು ಅದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಆದವಾನಿ ವಿಜಯನಗರದ ಗಟ್ಟಿ ಕೋಟೆಗಳಲ್ಲಿ ಒಂದು. ಕೃಷ್ಣಾ–ತುಂಗಭದ್ರಾ ದೋಆಬಿನಿಂದ ದಕ್ಷಿಣಕ್ಕೆ ಬರುವ ದಾರಿಯನ್ನು ಕಾಯುವುದು ಅದರ ಕೆಲಸ. 1565ರಲ್ಲಿ ರಕ್ಕಸಗಿ–ತಂಗಡಗಿ ಯುದ್ಧವಾಯಿತು. ಮೂರೇ ವರ್ಷದಲ್ಲಿ, 1568ರಲ್ಲಿ, ಆದವಾನಿ ಬಿಜಾಪುರದ ಆದಿಲಶಾಹಿಗಳ ಕೈಗೆ ಹೋಯಿತು. ಅಲ್ಲಿಂದ ನೂರಿಪ್ಪತ್ತು ವರ್ಷ ಅದು ಅವರದೇ.

ಆ ಕಾಲದ ಕೊನೆಯಲ್ಲಿ ಆದವಾನಿಯನ್ನು ಆಳಿದವನು ಸಿದ್ದಿ ಮಸೂದ್ ಖಾನ್. ಅವನ ಮೂಲ ಆಫ್ರಿಕಾ. ಬಿಜಾಪುರದ ಕೊನೆಯ ಸುಲ್ತಾನ ಸಿಕಂದರ್ ಇನ್ನೂ ಹುಡುಗನಾಗಿದ್ದಾಗ 1678ರಿಂದ 1683ರವರೆಗೆ ಇಡೀ ರಾಜ್ಯದ ಕಾರಭಾರ ನೋಡಿದವನು ಇವನೇ. ಆಮೇಲೆ ಅಲ್ಲಿಯ ಜಗಳಗಳಿಗೆ ಬೇಸತ್ತು ಆದವಾನಿಗೆ ಬಂದು ಕೂತ. ನಮ್ಮ ಊರಿನ ದೊಡ್ಡ ಜಾಮಿಯಾ ಮಸೀದಿ ಕಟ್ಟಿಸಿದವನೂ ಇವನೇ. ಅದಕ್ಕೆ ಆ ಕಾಲದ ಎರಡು ಲಕ್ಷ ರೂಪಾಯಿ ಖರ್ಚಾಯಿತೆಂದು ಹೇಳುತ್ತಾರೆ.

ಈ ಮಸೂದ್ ಖಾನನ ಹೆಸರು ಮಂತ್ರಾಲಯಕ್ಕೆ ಹೋಗಿಬಂದ ಎಲ್ಲರಿಗೂ ಗೊತ್ತು. ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟ ಆದವಾನಿಯ ನವಾಬ ಅಂದರೆ ಇವನು. ಸ್ವಾಮಿಗಳು ವೃಂದಾವನಸ್ಥರಾದದ್ದು 1671ರಲ್ಲಿ. ದಿವಾನ ವೆಂಕಣ್ಣನ ಕಥೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹೇಳುತ್ತಾರಲ್ಲ. ದನ ಕಾಯುವ ಹುಡುಗ, ಅಕ್ಷರ ಬಾರದವನು. ನವಾಬ ದಾರಿಯಲ್ಲಿ ನಿಲ್ಲಿಸಿ ಆಗತಾನೇ ಬಂದ ಕಾಗದ ಕೊಟ್ಟು "ಓದು" ಅನ್ನುತ್ತಾನೆ. ಓದದಿದ್ದರೆ ತಲೆ ಹೋಗುತ್ತದೆ. ಹುಡುಗ ರಾಯರನ್ನು ನೆನೆಯುತ್ತಾನೆ, ಅಕ್ಷರ ತಾನೇ ನಾಲಗೆಗೆ ಬರುತ್ತದೆ. ಮುಂದೆ ಅವನು ಆದವಾನಿಯ ದಿವಾನನಾಗುತ್ತಾನೆ. ಇದು ಭಕ್ತಿಯ ಕಥೆ, ಇತಿಹಾಸದ ದಾಖಲೆ ಬೇರೆ. ಆದರೆ ಮೇಷ್ಟ್ರಾಗಿ ನನಗೆ ಅದರಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ. ಓದಲು ಬಂದರೆ ದಿವಾನಗಿರಿ, ಬರದಿದ್ದರೆ ತಲೆಗೇ ಕುತ್ತು ಎಂದು ನಮ್ಮ ಸೀಮೆಯ ಜನ ಆ ಕಾಲದಲ್ಲೇ ಕಂಡುಕೊಂಡಿದ್ದರು!

ಕೋಟೆ ಬಿದ್ದದ್ದು

ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ, 1687ರಲ್ಲಿ ಗೋಲ್ಕೊಂಡ ಗೆದ್ದ. ಉಳಿದದ್ದು ಆದವಾನಿ. 1688ರಲ್ಲಿ ಅವನ ಸರದಾರ ಫಿರೋಜ್ ಜಂಗ್ ಸೈನ್ಯದೊಡನೆ ಬಂದ. ಕೋಟೆ ಸುಲಭಕ್ಕೆ ಬಗ್ಗಲಿಲ್ಲ. ಆಗ ಮೊಗಲರು ಫಿರಂಗಿಗಳ ಬಾಯನ್ನು ಮಸೀದಿಯ ಕಡೆಗೆ ತಿರುಗಿಸಿದರಂತೆ. ತನ್ನ ಜೀವಕ್ಕಿಂತ ಮಸೀದಿ ದೊಡ್ಡದೆಂದು ಮಸೂದ್ ಖಾನ್ ಕೋಟೆ ಒಪ್ಪಿಸಿದನಂತೆ. ಊರಿನಲ್ಲಿ ಈಗಲೂ ಈ ಮಾತಿದೆ. ಮೊಗಲರು ಊರಿನ ಹೆಸರನ್ನೇ ಬದಲಿಸಿ 'ಇಮ್ತಿಯಾಜ್ ಗಢ' ಎಂದು ಕರೆದರು. ಕಾಗದಪತ್ರಗಳಲ್ಲಿ ಆ ಹೆಸರು ಓಡಿತು, ಜನರ ಬಾಯಲ್ಲಿ ಆದವಾನಿ ಆದವಾನಿಯಾಗಿಯೇ ಉಳಿಯಿತು.

ಗೆದ್ದ ಊರನ್ನು ನೋಡಿಕೊಳ್ಳಲು ಬಾದಶಹ ನೇಮಿಸಿದ ರಜಪೂತ ರಾಜನೇ ಅನೂಪ ಸಿಂಹ. ಬಿಕಾನೇರಿನಲ್ಲಿ 1669ರಲ್ಲಿ ಪಟ್ಟಕ್ಕೆ ಬಂದವನು. ಆದರೆ ಪಟ್ಟವೇರಿದ ಮೇಲೆ ತನ್ನ ಊರಿನಲ್ಲಿ ಕೂತದ್ದು ಕಡಿಮೆ. ಆಯುಷ್ಯದ ಬಹುಭಾಗ ದಖ್ಖನಿನ ಯುದ್ಧಗಳಲ್ಲಿ ಕಳೆಯಿತು. 1689ರಿಂದ ಕೆಲವು ವರ್ಷ ಆದವಾನಿಯ ಆಡಳಿತ ಅವನ ಕೈಯಲ್ಲಿತ್ತು. ಮರಳಿನ ನಾಡಿನವನು ನಮ್ಮ ಎರೆಹೊಲಗಳ ನಡುವೆ, ನಮ್ಮ ಬಿಸಿಲಿನಲ್ಲಿ, ಮನೆ ಬಿಟ್ಟು ಸುಮಾರು 1400 ಕಿಲೋಮೀಟರು ದೂರದಲ್ಲಿ ಇದ್ದ. ಅಂಥವನಿಗೆ ಸಮಯ ಕಳೆಯಲು ಬೇಟೆ, ಕುಡಿತ, ಪಗಡೆ ಎಲ್ಲ ಇರಬಹುದಿತ್ತು. ಇವನು ಹಿಡಿದದ್ದು ಪುಸ್ತಕ.

ಅವನು ಏನನ್ನು ಕೂಡಿಸಿದ?

ಅನೂಪ ಸಿಂಹ ಸ್ವತಃ ಸಂಸ್ಕೃತ ಬಲ್ಲವನು. ಅವನ ಹೆಸರಿನಲ್ಲೇ ಗ್ರಂಥಗಳಿವೆ, ಜಯದೇವನ ಗೀತಗೋವಿಂದಕ್ಕೆ ಬರೆದ ಒಂದು ವ್ಯಾಖ್ಯಾನವೂ ಸೇರಿ. ಅವನ ಆಶ್ರಯದಲ್ಲಿ ಪಂಡಿತರಿದ್ದರು. ಅವರಲ್ಲಿ ಭಾವಭಟ್ಟ ಎಂಬವನು ಸಂಗೀತ ಶಾಸ್ತ್ರಜ್ಞ. ಅವನ ತಂದೆ ಜನಾರ್ದನ ಭಟ್ಟ ಶಹಜಹಾನನ ದರಬಾರಿನಲ್ಲಿದ್ದವನು. ಭಾವಭಟ್ಟ ತನ್ನ ಮೂರು ಗ್ರಂಥಗಳಿಗೆ ರಾಜನ ಹೆಸರನ್ನೇ ಸೇರಿಸಿ 'ಅನೂಪಸಂಗೀತವಿಲಾಸ', 'ಅನೂಪಸಂಗೀತರತ್ನಾಕರ', 'ಅನೂಪಸಂಗೀತಾಂಕುಶ' ಎಂದು ಕರೆದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಿಂದುಸ್ತಾನಿ ಸಂಗೀತದ ಶಾಸ್ತ್ರವನ್ನು ಹೊಸದಾಗಿ ಕಟ್ಟಲು ಹೊರಟ ಪಂಡಿತ ವಿಷ್ಣು ನಾರಾಯಣ ಭಾತಖಂಡೆ ಹಳೆಯ ಹಸ್ತಪ್ರತಿಗಳನ್ನು ಹುಡುಕುತ್ತ ಬಿಕಾನೇರಿಗೂ ಹೋಗಿದ್ದರು. ಅಲ್ಲಿ ಈ ಗ್ರಂಥಗಳು ಅವರಿಗಾಗಿ ಕಾದಿದ್ದವು.

ದಖ್ಖನಿನಲ್ಲಿದ್ದಾಗ ಅನೂಪ ಸಿಂಹ ವೇದ, ಧರ್ಮಶಾಸ್ತ್ರ, ಜ್ಯೋತಿಷ, ವೈದ್ಯ, ಸಂಗೀತ, ಕಾವ್ಯ ಎಂದು ಸಿಕ್ಕ ಸಿಕ್ಕ ಸಂಸ್ಕೃತ ಹಸ್ತಪ್ರತಿಗಳನ್ನೆಲ್ಲ ಕೂಡಿಸಿ ಬಿಕಾನೇರಿಗೆ ಕಳಿಸಿದ. ಇಲ್ಲಿ ಒಂದು ಮಾತು ಪರಂಪರೆಯಿಂದ ಬಂದಿದೆ. ಮೊಗಲ ಸೈನ್ಯ ಬರುತ್ತದೆಂಬ ಹೆದರಿಕೆಯಿಂದ ದಕ್ಷಿಣದ ಕೆಲವು ಬ್ರಾಹ್ಮಣರು ತಮ್ಮ ಪುಸ್ತಕಗಳು ಪರರ ಕೈಗೆ ಸಿಗಬಾರದೆಂದು ನದಿಗೆ ಹಾಕುತ್ತಿದ್ದರಂತೆ. ಅನೂಪ ಸಿಂಹ ಅವರಿಗೆ ಹಣ ಕೊಟ್ಟು ಪುಸ್ತಕಗಳನ್ನು ಕೊಂಡನಂತೆ. ಹೀಗೆ ಲೋಹದ ದೇವರ ವಿಗ್ರಹಗಳನ್ನೂ ಕೊಂಡು ಊರಿಗೆ ಕಳಿಸಿದ. ಅವು ಬಿಕಾನೇರಿನ ಕೋಟೆಯಲ್ಲಿ 'ಮೂವತ್ತಮೂರು ಕೋಟಿ ದೇವತೆಗಳ' ಗುಡಿಯಾಗಿ ಕೂತವು.

ಮಿತ್ರರೇ, ಈಗ ನಮಗೆ ಪುಸ್ತಕ ಅಂದರೆ ಅಂಗಡಿಗೆ ಹೋಗಿ ಇನ್ನೊಂದು ಪ್ರತಿ ತರುವ ವಸ್ತು. ಆ ಕಾಲದಲ್ಲಿ ಹಾಗಲ್ಲ. ಓಲೆಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಒಂದೊಂದು ಅಕ್ಷರ ಕೊರೆದು, ಮಸಿ ತೀಡಿ, ತೂತಿಗೆ ದಾರ ಪೋಣಿಸಿದರೆ ಒಂದು ಪುಸ್ತಕ. ಕಾಗದವಾದರೆ ಲೇಖನಿಯಲ್ಲಿ ತಿಂಗಳುಗಟ್ಟಲೆ ಬರೆಯಬೇಕು. ಗೆದ್ದಲು, ಹುಳು, ಮಳೆಯ ತೇವ, ಒಲೆಯ ಹೊಗೆ ಎಲ್ಲ ಅದರ ವೈರಿಗಳು. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಮತ್ತೆ ಪ್ರತಿ ಮಾಡಬೇಕು. ಪ್ರತಿ ಮಾಡುವ ಕೈ ನಿಂತರೆ ಪುಸ್ತಕ ತಾನಾಗಿಯೇ ಸಾಯುತ್ತದೆ, ಶತ್ರು ಬರಬೇಕೆಂದೇನಿಲ್ಲ.

ಅನೂಪ ಸಿಂಹನ ಸಂಗ್ರಹದಲ್ಲಿ ಬೇರೆ ಸಂಗ್ರಹಗಳ ಪುಸ್ತಕಗಳೂ ಇವೆ. ಕಾಶಿಯಲ್ಲಿ ಕವೀಂದ್ರಾಚಾರ್ಯ ಸರಸ್ವತಿ ಎಂಬ ಸನ್ಯಾಸಿ ಇದ್ದರು. ಮೂಲತಃ ಗೋದಾವರಿ ತೀರದವರು. ಯಾತ್ರಿಕರ ಮೇಲಿನ ತೆರಿಗೆಯನ್ನು ಶಹಜಹಾನನಿಂದ ತೆಗೆಸಿದವರೆಂದು ಪ್ರಸಿದ್ಧರು. ಅವರದು ದೊಡ್ಡ ಪುಸ್ತಕ ಭಂಡಾರ. ಅದರ ಒಂದು ಹಳೆಯ ಪಟ್ಟಿ 1921ರಲ್ಲಿ ಬರೋಡಾದಲ್ಲಿ ಅಚ್ಚಾಗಿದೆ, ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅವರ ಕಾಲದ ನಂತರ ಆ ಭಂಡಾರ ಚೆದುರಿಹೋಯಿತು. ಅವರ ಹೆಸರು ಬರೆದ ಹಸ್ತಪ್ರತಿಗಳು ಇವತ್ತು ಬಿಕಾನೇರಿನಲ್ಲಿ ಸಿಗುತ್ತವೆ. ಅಂದರೆ ಒಬ್ಬ ಓದುಗ ಹೋದ ಮೇಲೆ ಅವನ ಪುಸ್ತಕಗಳು ಇನ್ನೊಬ್ಬ ಓದುಗನ ಮನೆ ಹುಡುಕಿಕೊಂಡು ಹೋದವು.

ಮಸೂದ್ ಖಾನನ ಆದವಾನಿಯಿಂದ ಚಿತ್ರಗಳೂ ಹೋದವು. ಬಿಜಾಪುರದ ಸುಲ್ತಾನರ ಕಾಲದಲ್ಲಿ ಬರೆದ ಚಿತ್ರಗಳು ಅನೂಪ ಸಿಂಹನ ಕೈಸೇರಿ ಬಿಕಾನೇರಿನ ಅರಮನೆಗೆ ಬಂದವು. ಬಿಕಾನೇರಿನ ಕಾರಕೂನರು ಚಿತ್ರಗಳ ಹಿಂಬದಿಯಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಹೀಗಾಗಿ ಯಾವುದು ಎಲ್ಲಿಯದು ಎಂದು ಪಂಡಿತರು ಇಂದಿಗೂ ಗುರುತಿಸಬಲ್ಲರು. ಅನೂಪ ಸಿಂಹನ ದೊಡ್ಡ ಚಿತ್ರಕಾರ ರುಕ್ನುದ್ದೀನನ ಕೈಯಲ್ಲಿ ದಖ್ಖನಿನ ಬಣ್ಣ ಬೆರೆತಿರುವುದನ್ನು ಕಲಾ ಇತಿಹಾಸಕಾರರು ತೋರಿಸಿದ್ದಾರೆ. ಬಿಕಾನೇರಿನ ಚಿತ್ರಕಲೆಯನ್ನು ಹೊಗಳುವಾಗ ಆದವಾನಿಗೂ ಒಂದು ಪಾಲು ಸಲ್ಲಬೇಕು.

ರಾಜ 1698ರಲ್ಲಿ ಇಲ್ಲಿ ತೀರಿಕೊಂಡ. ಬಿಕಾನೇರಿನ ಹತ್ತಿರ ದೇವಿಕುಂಡ ಸಾಗರದಲ್ಲಿ ಅವನ ಸ್ಮಾರಕ ಛತ್ರಿ ಇದೆ. ಪುಸ್ತಕಗಳು ಅರಮನೆಯಲ್ಲಿ ಉಳಿದವು. 1880ರಲ್ಲಿ ಬಂಗಾಳದ ರಾಜೇಂದ್ರಲಾಲ ಮಿತ್ರ ಅವುಗಳ ಸೂಚಿಯನ್ನು ಕಲಕತ್ತೆಯಲ್ಲಿ ಪ್ರಕಟಿಸಿದರು. 1940ರ ದಶಕದಲ್ಲಿ ಕೇರಳದ ಸಿ. ಕುನ್ಹನ್ ರಾಜಾ ಮತ್ತು ಮಾಧವಕೃಷ್ಣ ಶರ್ಮಾ ಸೇರಿ ಇನ್ನೊಂದು ಸೂಚಿ ಮಾಡಿದರು. ಭಂಡಾರಕ್ಕೆ ರಾಜನ ಹೆಸರೇ ಬಂತು, ಅನೂಪ ಸಂಸ್ಕೃತ ಲೈಬ್ರರಿ. ಸಂಸ್ಕೃತ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವರು ಆ ಹೆಸರನ್ನು ದಾಟಿ ಹೋಗಲಾರರು.

ಕಳ್ಳನೋ, ಒಳ್ಳೆಯವನೋ?

ಈ ಕಥೆಯನ್ನು ನಮ್ಮ ಒಂಬತ್ತನೇ ತರಗತಿಯಲ್ಲಿ ಹೇಳಿದೆ. ಎಲ್ಲ ಕೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಹಂಗಾದ್ರ ಆ ರಾಜ ಕಳ್ಳನೋ, ಒಳ್ಳೇವನೋ?"

ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ನನಗೂ ಅದೇ ಪ್ರಶ್ನೆ ಇತ್ತು. ಗೆದ್ದ ಸೈನ್ಯದ ಸರದಾರ ಸೋತ ಊರಿನಲ್ಲಿ ಏನನ್ನಾದರೂ 'ಕೊಂಡೆ' ಅಂದರೆ ಅದು ಎಷ್ಟರ ಮಟ್ಟಿಗೆ ವ್ಯಾಪಾರ? ಚಿತ್ರಗಳ ಮಟ್ಟಿಗಂತೂ ಅದು ಯುದ್ಧದ ಲೂಟಿಯೇ. ಇದು ಒಂದು ಕಡೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಆ ಪುಸ್ತಕಗಳು ಇಲ್ಲೇ ಉಳಿದಿದ್ದರೆ ಏನಾಗುತ್ತಿತ್ತು? ಅನೂಪ ಸಿಂಹ ಹೋದ ಮೇಲೆ ಆದವಾನಿ ನಿಜಾಮರ ಕೈಗೆ ಹೋಯಿತು. ನಿಜಾಮನ ತಮ್ಮ ಬಸಾಲತ್ ಜಂಗನ ಜಹಗೀರಾಯಿತು. 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿ ಗೆದ್ದು ಕೋಟೆಯನ್ನು ಕೆಡವಿಸಿದ. 1800ರಲ್ಲಿ ನಿಜಾಮ ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ನಮ್ಮದು 'ದತ್ತ ಮಂಡಲ'. ಆಮೇಲೆ 1876–78ರ ಬರ, ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿದ ಬರ. ಇಷ್ಟನ್ನೆಲ್ಲ ದಾಟಿ ಒಂದು ಓಲೆಗರಿ ಕಟ್ಟು ಉಳಿಯುವುದು ಸುಲಭವಲ್ಲ. ಬಿಕಾನೇರಿನಲ್ಲಿ ಮಳೆ ಕಡಿಮೆ, ಗಾಳಿ ಒಣ, ಅರಮನೆ ಒಂದೇ ವಂಶದ್ದು. ಪುಸ್ತಕಗಳು ಬದುಕಿದವು.

ಬಿಜಾಪುರವನ್ನೇ ನೋಡಿ. ಅಲ್ಲಿಯ ಸುಲ್ತಾನರ ಪುಸ್ತಕ ಭಂಡಾರದಲ್ಲಿ ಗಾಡಿಗಟ್ಟಲೆ ಔರಂಗಜೇಬ ಒಯ್ದನೆಂದು ಹೇಳುತ್ತಾರೆ. ಅಸರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳನ್ನು ಹತ್ತೊಂಬತ್ತನೇ ಶತಮಾನದ ನಡುವೆ ಇಂಗ್ಲಿಷರು ಲಂಡನ್ನಿಗೆ ಕಳಿಸಿದರು. ಇವತ್ತು ಬಿಜಾಪುರದ ಹುಡುಗ ತನ್ನ ಊರಿನ ಪುಸ್ತಕ ನೋಡಬೇಕಾದರೆ ಸಮುದ್ರ ದಾಟಬೇಕು. ಆದವಾನಿಯ ಹುಡುಗ ಮರುಭೂಮಿಗೆ ಹೋಗಬೇಕು.

ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ. "ಎರಡೂ ಹೌದಪ್ಪಾ. ಒಯ್ದದ್ದೂ ನಿಜ, ಉಳಿಸಿದ್ದೂ ನಿಜ. ಅವನು ಮಾಡಿದ್ದು ಸರಿಯೋ ತಪ್ಪೋ ಅನ್ನುವುದಕ್ಕಿಂತ, ಇಲ್ಲಿದ್ದವರು ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಕೇಳಿಕೋ."

ಕನ್ನಡದ ಪುಸ್ತಕಗಳ ಗತಿ?

ಅನೂಪ ಸಿಂಹನ ಆಸಕ್ತಿ ಸಂಸ್ಕೃತದಲ್ಲಿತ್ತು. ಹಾಗಾದರೆ ಈ ಸೀಮೆಯ ಕನ್ನಡ ಬರಹಗಳನ್ನು ಯಾರು ಕೂಡಿಸಿದರು?

ಆದವಾನಿ ಕೋಟೆ ಬಿದ್ದಾಗ ತುಂಗಭದ್ರೆಯ ಆಚೆ ದಂಡೆಯ ಸೀಮೆಯಲ್ಲಿ, ಮಾನ್ವಿ ಹತ್ತಿರದ ಚೀಕಲಪರವಿಯಲ್ಲಿ, ಆರು ವರ್ಷದ ಒಬ್ಬ ಬಡ ಹುಡುಗನಿದ್ದ. 1682ರಲ್ಲಿ ಹುಟ್ಟಿದವನು. ಮುಂದೆ ವಿಜಯದಾಸರೆಂದು ಹೆಸರಾದರು. ಕನ್ನಡದಲ್ಲಿ ಸುಳಾದಿಗಳನ್ನೂ ಪದಗಳನ್ನೂ ಹಾಡಿ 1755ರಲ್ಲಿ ನಮ್ಮ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಚಿಪ್ಪಗಿರಿ ಇವತ್ತು ಕರ್ನೂಲು ಜಿಲ್ಲೆಯ ಒಂದು ಮಂಡಲ. ಗುಂತಕಲ್ಲಿನಿಂದ ಹತ್ತಿರ. ಅವರ ಹಾಡುಗಳಿಗೆ ಯಾವ ಮಹಾರಾಜನೂ ಭಂಡಾರ ಕಟ್ಟಲಿಲ್ಲ. ಶಿಷ್ಯರ ಬಾಯಲ್ಲಿ, ಹೆಣ್ಣುಮಕ್ಕಳ ನೆನಪಿನಲ್ಲಿ, ಕೈಬರಹದ ವಹಿಗಳಲ್ಲಿ ಉಳಿದವು. ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದವರಲ್ಲಿ ಜರ್ಮನಿಯ ಪಾದ್ರಿ ಮೋಗ್ಲಿಂಗ್ ಒಬ್ಬರು, 1850ರಲ್ಲಿ ಮಂಗಳೂರಿನಲ್ಲಿ. ಇನ್ನು ನಮ್ಮ ಕಡೆಯವರೇ ಆದ ಗೋರಬಾಳ ಹನುಮಂತರಾಯರು ಲಿಂಗಸುಗೂರಿನಲ್ಲಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಸಂಗ್ರಹಿಸಿ ಸಾಲು ಸಾಲಾಗಿ ಪ್ರಕಟಿಸಿದರು. ಅರಮನೆ ಇಲ್ಲದ ಅನೂಪ ಸಿಂಹ ಎಂದು ನಾನು ಅವರನ್ನು ಕರೆಯುತ್ತೇನೆ.

ಇನ್ನೊಬ್ಬ ಸಂಗ್ರಾಹಕ ಕರ್ನಲ್ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನವನು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ನಮ್ಮ ದತ್ತ ಮಂಡಲವನ್ನೂ ಅಳೆಯಿಸಿದ. ಅಳೆಯುವುದರ ಜೊತೆಗೆ ಕಾವಲಿ ಸಹೋದರರಂಥ ತೆಲುಗು ಪಂಡಿತರನ್ನು ಇಟ್ಟುಕೊಂಡು ಊರೂರಿನ ಶಾನುಭೋಗರಿಂದ, ಕರಣಗಳಿಂದ ಊರಿನ ಕಥೆ ಬರೆಸಿಕೊಂಡ. ಅವೇ ಕೈಫಿಯತ್ತುಗಳು. ಅವನು 1821ರಲ್ಲಿ ಸತ್ತ ಮೇಲೆ ಕಂಪನಿ ಆ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಒಂದಷ್ಟು ಲಂಡನ್ನಿಗೆ ಹೋಯಿತು, ಒಂದಷ್ಟು ಮದ್ರಾಸಿಗೆ ಬಂತು. ಅದರಲ್ಲಿಯ ಕನ್ನಡದ ಭಾಗವನ್ನೇ ಕಲಬುರ್ಗಿಯವರು ಸಂಪಾದಿಸಿದ್ದು, ಈ ಬೇಸಿಗೆಯಲ್ಲಿ ನನ್ನ ಅಲಮಾರಿಗೆ ಬಂದದ್ದು. ನೋಡಿ, ಹಳ್ಳಿಯ ಶಾನುಭೋಗ ಬರೆದದ್ದು ಮದ್ರಾಸು ಸುತ್ತಿ, ಹಂಪಿಯಲ್ಲಿ ಅಚ್ಚಾಗಿ, ಇನ್ನೂರು ವರ್ಷಗಳ ಮೇಲೆ ಮೇಷ್ಟ್ರ ಮನೆಗೆ ಬಂತು!

ತೆಲುಗಿಗೆ ಈ ಭಾಗದಲ್ಲಿ ಸಿ.ಪಿ. ಬ್ರೌನ್ ಸಿಕ್ಕ. 1820ರಲ್ಲಿ ಕಡಪಕ್ಕೆ ಬಂದು, ಕೈಯಿಂದ ಸಂಬಳ ಕೊಟ್ಟು ಪಂಡಿತರನ್ನಿಟ್ಟು ಹಳೆಯ ಕಾವ್ಯಗಳನ್ನು ಪ್ರತಿ ಮಾಡಿಸಿದ. ಕಡಪದಲ್ಲಿ ಅವನ ಹೆಸರಿನ ಗ್ರಂಥಾಲಯವಿದೆ. ನಾನು ತೆಲುಗಿನ ಮಿತ್ರರೊಡನೆ ಇದನ್ನು ಸಂತೋಷದಿಂದಲೇ ಮಾತಾಡುತ್ತೇನೆ. ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಆದೋನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಬರಹಗಳಿಗೆ ಒಬ್ಬ ಬ್ರೌನ್ ಬರಲಿಲ್ಲ ಅನ್ನುವುದೂ ನಿಜ.

1953ರ ಗೆರೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಕರ್ನೂಲು ರಾಜಧಾನಿಯಾಯಿತು. ಅದೇ ದಿನ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಬಳ್ಳಾರಿ ತಾಲೂಕಿನ ವಿವಾದ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಮೇಲೆ ತೀರ್ಮಾನವಾಗಿ, ಅದು ಸಿರುಗುಪ್ಪ, ಹೊಸಪೇಟೆ ಮುಂತಾದ ತಾಲೂಕುಗಳೊಡನೆ ಮೈಸೂರಿಗೆ ಹೋಯಿತು. ಜನ ಇದ್ದಲ್ಲೇ ಇದ್ದರು. ಬೀಗರು ಆ ಕಡೆ, ಹೊಲ ಈ ಕಡೆ. ಭಾಷೆ ಮನೆಯೊಳಗೆ ಉಳಿಯಿತು, ಕಚೇರಿಯ ಕಾಗದ ಬದಲಾಯಿತು.

ಗೆರೆ ಎಳೆದವರ ಮೇಲೆ ಇಷ್ಟು ವರ್ಷಗಳ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ನಾನು ಹೇಳುವುದು ಪುಸ್ತಕದ ವಿಷಯ. ಒಂದು ಮನೆಯಲ್ಲಿ ಅಜ್ಜ ಕನ್ನಡ ಓದಿದವನು, ಮಗ ತೆಲುಗು ಓದಿದವನು, ಮೊಮ್ಮಗ ಇಂಗ್ಲಿಷ್ ಮೀಡಿಯಮ್ಮಿನವನು. ಮೂವರೂ ಮಾತಾಡುವುದು ಕನ್ನಡವೇ. ಆದರೆ ಅಜ್ಜ ಸತ್ತ ದಿನ ಅವನ ಪೆಟ್ಟಿಗೆಯಲ್ಲಿದ್ದ ಪುಸ್ತಕ ಆ ಮನೆಯಲ್ಲಿ ಯಾರೂ ಓದಲಾರದ ಕಾಗದವಾಗಿಬಿಡುತ್ತದೆ. ಯಾರೂ ಮುತ್ತಿಗೆ ಹಾಕಲಿಲ್ಲ, ಫಿರಂಗಿ ಹಾರಲಿಲ್ಲ. ಆದರೂ ಕೋಟೆ ಬಿತ್ತು.

ನನ್ನ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಳೆದಂಡೆಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು "ಸಾರ್, ನಮ್ಮಜ್ಜನ ಪುಸ್ತಕ ಒಂದು ಗೋಣಿಚೀಲ ತುಂಬ ಅದಾವ್ರಿ. ತಾಳೆಗರಿವೂ ಅದಾವ್ರಿ. ನಮ್ಮಪ್ಪ ತಗೀತೀನಿ ಅಂತಾನ" ಅಂದಳು. "ಭಾನುವಾರ ಬರ್ತೀನಮ್ಮ" ಅಂದೆ. ಆ ಭಾನುವಾರ ಜನಗಣತಿಯ ಕೆಲಸ ಬಂತು. ಮುಂದಿನ ಭಾನುವಾರ ಮನೆಯಲ್ಲಿ ಮದುವೆ. ಮೂರನೇ ಭಾನುವಾರ ಹೋದೆ. ಹುಡುಗಿಯ ತಂದೆ ಬಹಳ ಮರ್ಯಾದೆಯಿಂದ ಕೂಡಿಸಿ ಚಹಾ ಕೊಟ್ಟರು. "ಪುಸ್ತಕ ತುಳೀಬಾರದು, ಸುಡಬಾರದು ಅಂತ ಹಿರೇರು ಹೇಳ್ಯಾರಲ್ರಿ ಮೇಷ್ಟ್ರೇ. ಅಮಾಸಿ ದಿನ ಪೂಜಿ ಮಾಡಿ ಗಂಗಮ್ಮಗ ಬಿಟ್ವಿ" ಅಂದರು.

ಅವರು ಪುಸ್ತಕವನ್ನು ಅವಮಾನಿಸಲಿಲ್ಲ. ತಮಗೆ ತಿಳಿದಷ್ಟು ಗೌರವ ಮಾಡಿಯೇ ತುಂಗಭದ್ರೆಗೆ ಬಿಟ್ಟಿದ್ದರು. ತಡಮಾಡಿದವನು ನಾನು. ಅದರಲ್ಲಿ ಏನಿತ್ತು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅನೂಪ ಸಿಂಹನ ಕಥೆಯಲ್ಲಿ ನದಿಯ ಮಾತು ಓದಿದಾಗ ನನ್ನ ಎದೆ ಧಸಕ್ಕೆಂದದ್ದು ಇದಕ್ಕೇ. ಅವನು ದಂಡೆಗೆ ಸಮಯಕ್ಕೆ ಸರಿಯಾಗಿ ಹೋದ. ನಾನು ಎರಡು ವಾರ ತಡವಾಗಿ ಹೋದೆ.

ನಾಲ್ಕನೆಯ ಪುಸ್ತಕ

ಈಗ ಕೊನೆಯದು. "ಕಳ್ಳನೋ, ಒಳ್ಳೇವನೋ" ಎಂದು ಕೇಳಿದ ಹುಡುಗ ರಜೆ ಬಿಡುವ ಹಿಂದಿನ ದಿನ ಒಂದು ಹಳೆಯ ಪಂಚೆಯಲ್ಲಿ ಸುತ್ತಿದ ಗಂಟು ತಂದ. "ನಮ್ಮ ಮುತ್ತಜ್ಜ ಆಟದ ಮೇಳದಾಗ ಇದ್ದನಂತ್ರಿ. ಅವ್ವ ಕೊಟ್ಟು ಬಾ ಅಂದ್ಲು" ಅಂದ. ಬಿಚ್ಚಿ ನೋಡಿದರೆ ಬಯಲಾಟದ ಕೈಬರಹದ ಪುಸ್ತಕ. ಗೆರೆ ಹಾಕಿದ ಉದ್ದನೆಯ ಲೆಕ್ಕದ ವಹಿ, ಮಸಿ ಕಂದಿದೆ, ಅಂಚಿನಲ್ಲಿ ಇಲಿ ಕಡಿದಿದೆ. ಮೊದಲ ಪುಟದಲ್ಲಿ ಗಣಪತಿ ಸ್ತುತಿ. ನಡುವೆ ಸಾರಥಿಯ ಮಾತು, ಪಾತ್ರಗಳ ಪದ, ವಚನ. ಎಲ್ಲ ಕನ್ನಡ. ನಡುನಡುವೆ ತೆಲುಗು ಪದ್ಯಗಳೂ ಇವೆ, ಅವನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ. ನಮ್ಮ ಸೀಮೆಯ ಬದುಕೇ ಹಾಗಲ್ಲವೇ? ಯಾರು ಬರೆದರು, ಎಲ್ಲಿ ಆಡಿದರು ಎಂದು ಇನ್ನು ಅವರ ಮನೆಯವರನ್ನು ಕೂಡಿಸಿ ಕೇಳಬೇಕು.

ಇದು ನನ್ನ ಪುಸ್ತಕವಲ್ಲ ಎಂದು ಅವನಿಗೆ ಹೇಳಿದ್ದೇನೆ. ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದೇನೆ. ರಜೆ ಮುಗಿದ ಮೇಲೆ ಒಂಬತ್ತರಿಂದ ಹತ್ತಕ್ಕೆ ಬಂದ ಮಕ್ಕಳೇ ದಿನಕ್ಕೊಂದು ಪುಟದಂತೆ ನೋಟ್‌ಬುಕ್ಕಿಗೆ ಪ್ರತಿ ಮಾಡುತ್ತಾರೆ. ಅಕ್ಷರ ದುಂಡಗೂ ಆಗುತ್ತದೆ, ಪುಸ್ತಕವೂ ಉಳಿಯುತ್ತದೆ. ಆಮೇಲೆ ಮೂಲವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಬೇವಿನೆಲೆ ಇಟ್ಟು, ಅವನ ಮನೆಗೇ ಹಿಂತಿರುಗಿಸುತ್ತೇನೆ. ಅದು ಮತ್ತೆಲ್ಲಿಗೂ ಹೋಗಬಾರದು. ಆ ಮನೆಯಲ್ಲಿ ಅದನ್ನು ಓದಬಲ್ಲ ಒಬ್ಬ ಹುಡುಗ ಈ ಹೊತ್ತಿಗೆ ಇದ್ದಾನೆ, ಸಾಕು.

ಕನ್ನಡ ಮಾಧ್ಯಮ ಶಾಲೆ ಯಾಕೆ ಬೇಕು ಎಂದು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ನೌಕರಿ, ಸೀಟು, ಮೀಸಲಾತಿ ಎಂದು ನಾವೂ ಏನೇನೋ ಉತ್ತರ ಹೇಳುತ್ತೇವೆ. ಅವೆಲ್ಲ ಬೇಕಾದವೇ. ಆದರೆ ಇನ್ನೊಂದು ಉತ್ತರವೂ ಇದೆ. ಮನೆಯಲ್ಲಿ ಕನ್ನಡ ಓದುವ ಒಬ್ಬ ಮಗು ಇದ್ದರೆ ಅಜ್ಜನ ಪೆಟ್ಟಿಗೆ ಹೊಳೆಗೆ ಹೋಗುವುದಿಲ್ಲ.

ಶಿಕ್ಷಕ ಮಿತ್ರರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟ, ದೇವರ ಕೋಣೆ, ಹಗೇವಿನ ಮೂಲೆ ಒಮ್ಮೆ ನೋಡಿ. ತಾಳೆಗರಿ, ವಹಿ, ಹಾಡಿನ ಪುಸ್ತಕ, ಆಟದ ಪುಸ್ತಕ, ಪಂಚಾಂಗದ ಹಾಳೆಯ ಮೇಲೆ ಬರೆದ ಊರಿನ ಲೆಕ್ಕ ಏನೇ ಇರಲಿ, ಎಸೆಯಬೇಡಿ, ಹೊಳೆಗೂ ಬಿಡಬೇಡಿ. ಬಿಸಿಲಿನಲ್ಲಿ ಒಣಗಿಸಲೂ ಬೇಡಿ, ನೆರಳಿನಲ್ಲಿ ಗಾಳಿಗೆ ಇಡಿ. ಫೋಟೋ ತೆಗೆಯಿರಿ. ಹತ್ತಿರದ ಕನ್ನಡ ಶಾಲೆಯ ಮೇಷ್ಟ್ರಿಗೆ ಒಂದು ಮಾತು ತಿಳಿಸಿ. ಮೇಷ್ಟ್ರಾದವರು ಭಾನುವಾರ ಬರುತ್ತೇನೆ ಅಂದರೆ ಅದೇ ಭಾನುವಾರ ಹೋಗಿ.

ಎಲ್ಲರಿಗೂ ಒಳ್ಳೆಯದಾಗಲಿ.